ಅವ್ವನ್ನ ಕರ್ಕೊಂಡು ಶಿಯಾನ್‌ಗೆ ಹೊಂಟೀನಿ, ನಾಲ್ಕು ದಿನದಾಗ ಏನೇನು ತೋರಿಸಲಿ?

ಭೀಮಾತೀರ, ಯಾದಗಿರಿ

ಎಲ್ಲರಿಗೂ ನಮಸ್ಕಾರ್ರಿ. ನಾನು ತೊಗರಿ ಬ್ಯಾಳಿ ಮಿಲ್ಲುಗಳಿಗೆ ಕಲರ್ ಸಾರ್ಟರ್ ಮಷಿನ್, ಅಂದ್ರ ಬಣ್ಣ ನೋಡಿ ಕೆಟ್ಟ ಕಾಳು ಬ್ಯಾರೆ ಮಾಡೋ ಮಷಿನ್, ಕೂಡ್ರಿಸಿ ಕೊಡೋ ಕೆಲಸ ಮಾಡ್ತೀನಿ. ನಾ ಕೂಡ್ರಿಸೋ ಮಷಿನ್ ಚೀನಾದ ಹೆಫೇ ಊರಿಂದ ಬರ್ತಾವ. ಏಪ್ರಿಲ್ ನಡುವಿನಾಗ ಮೂರು ದಿನದ ಟ್ರೇನಿಂಗಿಗೆ ಅಲ್ಲಿಗೆ ಹೋಗೋದದ. ಈ ಸಲ ಅವ್ವನ್ನೂ ನನ್ನ ಹೆಂಡ್ತಿನ್ನೂ ಕರ್ಕೊಂಡು ಹೊಂಟೀನಿ. ಟ್ರೇನಿಂಗ್ ಮುಗಿದ ಮ್ಯಾಲ ರೈಲಿನಾಗ ಶಿಯಾನ್‌ಗೆ ಹೋಗಿ ನಾಲ್ಕು ದಿನ ಇರಬೇಕಂತ ವಿಚಾರ ಅದ.

ಶಿಯಾನೇ ಯಾಕಂದ್ರ, ನಮ್ದು ಕುಂಬಾರರ ಮನಿ. ಅಪ್ಪ ತಿಗರಿ ತಿರುವ್ತಿದ್ದ. ಮಣ್ಣು ಸೋಸೋದು, ತುಳಿಯೋದು, ಹಸಿ ಗಡಿಗಿ ತಟ್ಟೋದು, ಆವಿಗಿ ಒಟ್ಟೋದು ಎಲ್ಲಾ ಅವ್ವನ ಕೆಲಸ. ಅಪ್ಪ ಹೋಗಿ ಒಂಬತ್ತು ವರ್ಷ ಆತು, ತಿಗರಿ ಈಗ ಹಿತ್ತಲದಾಗ ಬಿದ್ದದ. ಹೋದ ಬ್ಯಾಸಗಿಯೊಳಗ ನನ್ನ ಮಗಳು ಫೋನಿನಾಗ ಶಿಯಾನಿನ ಮಣ್ಣಿನ ಸೈನಿಕರನ್ನ, ಅಂದ್ರ ಎರಡು ಸಾವಿರ ವರ್ಷದ ಹಿಂದ ಚೀನಾದ ಮೊದಲ ಚಕ್ರವರ್ತಿಯ ಸಮಾಧಿ ಕಾಯಾಕಂತ ಮಾಡಿ ಹುಗಿದಿಟ್ಟ ಗೊಂಬಿಗಳನ್ನ, ತೋರಿಸಿದ್ಲು. ಅವ್ವ ಆ ವಿಡಿಯೋ ನಾಲ್ಕೈದು ಸಲ ಹಚ್ಚಿಸ್ಕೊಂಡು ನೋಡಿದ್ಲು. ಆಮ್ಯಾಲ ನನ್ನ ಕೇಳಿದ್ಲು: "ಆಳೆತ್ತರದ ಮನಶ್ಯಾನ್ನ ಹಸಿ ಮಣ್ಣಿನಾಗ ನಿಲ್ಲಿಸಿದ್ರ ಕುಸಿದು ಬೀಳಂಗಿಲ್ಲೇನೋ? ಆವಿಗ್ಯಾಗ ಸೀಳಲಾರದಂಗ ಹ್ಯಾಂಗ ಸುಟ್ರು?" ನನಗ ಉತ್ರ ಬರಲಿಲ್ಲ. ಅವತ್ತೇ ಅನ್ಕೊಂಡೆ, ಒಮ್ಮಿ ಕಣ್ಣಾರೆ ತೋರಿಸ್ತೀನಿ ಅಂತ.

ತೊಂದ್ರಿ ಏನಂದ್ರ, ಅವ್ವಗ 66 ವರ್ಷ. ಮಣ್ಣು ತುಳಿದು ತುಳಿದು ಮೊಣಕಾಲು ಸವದಾವ. ಸಪಾಟು ನೆಲದ ಮ್ಯಾಲ ಒಂದು ತಾಸು ನಡೀತಾಳ, ಮೆಟ್ಟಿಲು ಹತ್ತೋದು ಆಗಂಗಿಲ್ಲ. ಬಿಪಿ ಗುಳಿಗಿ ಅದ. ಮಾಂಸ, ಮೊಟ್ಟಿ ಮುಟ್ಟಂಗಿಲ್ಲ. ಒಬ್ಬ ಟೂರ್ ಏಜೆಂಟ್‌ನ ಕೇಳಿದ್ರ ಒಂದೇ ದಿನಕ್ಕ ಮಣ್ಣಿನ ಸೈನ್ಯ, ಬಿಸಿನೀರಿನ ಬುಗ್ಗಿ ಇರೋ ಅರಮನಿ, ಕೋಟಿ ಗ್ವಾಡಿ, ರಾತ್ರಿ ದೀಪದ ಬಜಾರ, ಹಿಂಗ ನಾಲ್ಕು ಜಾಗ ಬರದು ಕೊಟ್ಟಾನ. ಎರಡನೇ ದಿನ ಐದು. ಇಷ್ಟು ಅವ್ವನ ಕೈಲೆ ಆಗ್ತದೇನ್ರಿ? ತಂದಿ ತಾಯಿನ್ನ ಕರ್ಕೊಂಡು ಹೋಗಿ ಬಂದವರು ಯಾರಾದ್ರೂ ಇದ್ರ ಹೇಳ್ರಿ.

ಕಾಗಿಣಾ ದಂಡಿ, ಸೇಡಂ

ಅಣ್ಣಾ, ಮೊದಲು ಆ ಚೀಟಿ ಹರಿದು ಹಾಕಿ. ಇದನ್ನು ಅನುಭವಿಸಿ ಹೇಳುತ್ತಿದ್ದೇನೆ.

2019ರ ಸೆಪ್ಟೆಂಬರ್‌ನಲ್ಲಿ ನಾನು ನಮ್ಮ ಅಪ್ಪಾಜಿಯನ್ನು ಶಿಯಾನ್‌ಗೆ ಕರೆದುಕೊಂಡು ಹೋಗಿದ್ದೆ. ಅವರಿಗೆ ಆಗ 70. ನಮಗೂ ಇಂಥದೇ ಒಂದು ಪಟ್ಟಿ ಮಾಡಿ ಕೊಟ್ಟಿದ್ದರು. ಮೊದಲ ದಿನ ಸಂಜೆಯೊಳಗೆ ಅಪ್ಪಾಜಿಯ ಪಾದ ಚಪ್ಪಲಿ ಹಿಡಿಯದಷ್ಟು ಊದಿಕೊಂಡವು. ಮೂರನೇ ಜಾಗಕ್ಕೆ ಹೋದಾಗ ಅವರು ಬಸ್ಸಿನಿಂದ ಇಳಿಯಲೇ ಇಲ್ಲ. ಮರುದಿನ ಬೆಳಿಗ್ಗೆ, "ನಾ ರೂಮಿನಾಗ ಇರ್ತೀನವ್ವ, ನೀ ನೋಡ್ಕೊಂಡು ಬಾ, ನನಗ ಫೋಟೋ ತೋರ್ಸು" ಅಂದರು. ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಕೂತಿದೆ. ಅಷ್ಟು ದೂರ ಅವರಿಗಾಗಿ ಹೋಗಿ, ಅವರನ್ನೇ ರೂಮಿನಲ್ಲಿ ಬಿಟ್ಟು ನಾನೇನು ನೋಡಲಿ? ಅಲ್ಲೇ ಪಟ್ಟಿ ಬಿಟ್ಟೆ. "ನಿಮಗೆ ಏನು ನೋಡಬೇಕು ಅನಿಸ್ತದ, ಅದೊಂದು ಹೇಳ್ರಿ" ಎಂದು ಕೇಳಿದೆ. ಅವರು ಹೇಳಿದ್ದು ಒಂದೇ: "ಅಕ್ಷರ ಇರೋ ಕಲ್ಲು."

ಅಪ್ಪಾಜಿ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ರಜೆ ಬಂತೆಂದರೆ ಸೈಕಲ್ ಏರಿ ಚಿತ್ತಾಪುರ, ಸೇಡಂ ಕಡೆಯ ಹಳ್ಳಿಗಳಲ್ಲಿ ಶಾಸನ ಹುಡುಕುತ್ತಿದ್ದರು. ಹಾಗಾಗಿ ಅಂದು ಫಾರೆಸ್ಟ್ ಆಫ್ ಸ್ಟೋನ್ ಸ್ಟೆಲೀಸ್ ಅನ್ನುವ ಮ್ಯೂಸಿಯಮ್ಮಿಗೆ ಹೋದೆವು. ಅಲ್ಲಿಯವರು ಬೇಯ್‌ಲಿನ್ ಎನ್ನುತ್ತಾರೆ. ಕಲ್ಲುಶಾಸನಗಳ ಅಡವಿ ಎಂದೇ ಅರ್ಥ. ಕೋಟೆಯ ದಕ್ಷಿಣ ಬಾಗಿಲಿಗೆ ಹತ್ತಿರ, ಹಳೆಯ ಕನ್‌ಫ್ಯೂಷಿಯಸ್ ಗುಡಿಯ ಆವರಣ. ಹೆಚ್ಚು ಕಡಿಮೆ ಸಪಾಟು ನೆಲ, ಮರದ ನೆರಳು, ಒಂದರ ಹಿಂದೆ ಒಂದು ಹಜಾರ. 1087ರಿಂದ ಅಲ್ಲಿ ಶಾಸನಗಳನ್ನು ಕೂಡಿಡುತ್ತ ಬಂದಿದ್ದಾರೆ. 837ರಲ್ಲಿ ಕೆತ್ತಿ ಮುಗಿಸಿದ 114 ದೊಡ್ಡ ಬಂಡೆಗಳಿವೆ. ಓದುವವರು ನಕಲು ಮಾಡುವಾಗ ತಪ್ಪು ನುಸುಳಬಾರದೆಂದು ಅವರ ಶಾಸ್ತ್ರಗ್ರಂಥಗಳನ್ನು ಎರಡೂ ಮಗ್ಗುಲಿಗೆ ಕೆತ್ತಿಸಿದ್ದು. ಆ ಇಸವಿ ಕೇಳಿ ಅಪ್ಪಾಜಿ ಅಲ್ಲೇ ನಿಂತರು. "ಆಗ ನಮ್ಮ ಮಳಖೇಡದಾಗ ಅಮೋಘವರ್ಷ ಪಟ್ಟದ ಮ್ಯಾಲಿದ್ದ. ಇಲ್ಲಿ ಇವರು ಕಲ್ಲು ಕೆತ್ತಿಸೋ ಮುಂದ ಅಲ್ಲಿ ಕವಿರಾಜಮಾರ್ಗದ ಕಾಲ" ಎಂದರು. ಮನೆಯಿಂದ ಹದಿನೈದು ಇಪ್ಪತ್ತು ಕಿಲೋಮೀಟರಿನ ಮಳಖೇಡವನ್ನು ನಾನು ಅಷ್ಟು ದೂರ ಹೋಗಿ ಹೊಸದಾಗಿ ನೋಡಿದಂತಾಯಿತು.

ಒಂದು ಹಜಾರದಲ್ಲಿ ಒಬ್ಬ ಕೆಲಸಗಾರ ಕಲ್ಲಿನಿಂದ ಪಡಿಯಚ್ಚು ತೆಗೆಯುತ್ತಿದ್ದ. ತೆಳು ಕಾಗದವನ್ನು ಒದ್ದೆ ಮಾಡಿ ಕಲ್ಲಿಗೆ ಅಂಟಿಸಿ, ಕುಂಚದಿಂದ ಬಡಿದು ಅಕ್ಷರದ ಗುಣಿಯೊಳಗೆ ಕಾಗದ ಇಳಿಯುವಂತೆ ಮಾಡಿದ. ಸ್ವಲ್ಪ ಆರಿದ ಮೇಲೆ ಬಟ್ಟೆಯ ಗುಬುಟಿಗೆ ಮಸಿ ಹಚ್ಚಿಕೊಂಡು ಟಪ್ ಟಪ್ ಎಂದು ತಟ್ಟತೊಡಗಿದ. ಕಾಗದ ಕಪ್ಪಾಗುತ್ತ ಹೋಗುತ್ತದೆ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಅಪ್ಪಾಜಿ ಎರಡು ಮಾರು ದೂರ ನಿಂತಿದ್ದರು. ಅವರ ಬಲಗೈ ತಾನಾಗಿಯೇ ಗಾಳಿಯಲ್ಲಿ ಅದೇ ತಾಳಕ್ಕೆ ತಟ್ಟುತ್ತಿತ್ತು. ಆ ಮನುಷ್ಯ ಕತ್ತೆತ್ತಿ ನೋಡಿದ, ಕೈ ನೋಡಿದ, ಏನೂ ಮಾತಾಡದೆ ಸರಿದು ಜಾಗ ಕೊಟ್ಟ, ಹತ್ತಿರ ನಿಂತು ನೋಡಿ ಎನ್ನುವಂತೆ. ಭಾಷೆ ಒಂದಕ್ಷರ ಗೊತ್ತಿಲ್ಲ ಇಬ್ಬರಿಗೂ. ಅಲ್ಲಿ ಮುಕ್ಕಾಲು ತಾಸು ನಿಂತೆವು, ಅಪ್ಪಾಜಿಗೆ ಕಾಲುನೋವು ನೆನಪಾಗಲಿಲ್ಲ.

ಆದ್ದರಿಂದ ನಿಮ್ಮ ಅವ್ವನಿಗೆ ಮಣ್ಣಿನ ಸೈನ್ಯಕ್ಕೆ ಪೂರಾ ಒಂದು ದಿನ ಕೊಡಿ. ಆ ದಿನ ಬೇರೇನೂ ಇಟ್ಟುಕೊಳ್ಳಬೇಡಿ. ಊರಿಂದ ಪೂರ್ವಕ್ಕೆ 35-40 ಕಿಲೋಮೀಟರ್. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಟ್ಯಾಕ್ಸಿ ಮಾಡಿಕೊಂಡು ಹೋಗಿ. ಮಧ್ಯಾಹ್ನ ಊಟ ಮಾಡಿ ರೂಮಿಗೆ ಬಂದು ಮಲಗಿಸಿ.

ಉಳಿದ ದಿನಗಳಿಗೆ ದಿನಕ್ಕೊಂದೇ. ಕೋಟೆ ಗೋಡೆ ಸಂಜೆ ಹೊತ್ತು ಚೆನ್ನ. ಸುತ್ತಳತೆ 13.7 ಕಿಲೋಮೀಟರ್, ಮೇಲೆ ಬ್ಯಾಟರಿ ಗಾಡಿ ಓಡುತ್ತದೆ, ಕೂತೇ ನೋಡಬಹುದು. ಮಿಂಗ್ ರಾಜರು 1370ರ ಸುಮಾರಿಗೆ ಕಟ್ಟಲು ಶುರು ಮಾಡಿದ್ದು. "ಗುಲ್ಬರ್ಗಾ ಕೋಟ್ಯಾಗಿನ ಜಾಮಿ ಮಸೀದಿ 1367. ಅಲ್ಲಿ ಅದು ಮುಗೀತು, ಇಲ್ಲಿ ಇದು ಶುರುವಾತು" ಎಂದು ಅಪ್ಪಾಜಿ ಗಾಡಿಯಲ್ಲಿ ಕೂತೇ ಲೆಕ್ಕ ಹಾಕಿದರು.

ದೊಡ್ಡ ಹೆಬ್ಬಾತಿನ ಪಗೋಡಕ್ಕೆ ಕರೆದುಕೊಂಡು ಹೋದರೆ ಒಳಗೆ ಹತ್ತಿಸಬೇಡಿ. ಏಳು ಅಂತಸ್ತು, ಒಳಗಿನ ಮೆಟ್ಟಿಲು ಕಡಿದಾಗಿವೆ. ಕೆಳಗೆ ಅಂಗಳದಲ್ಲಿ ಕೂರಿಸಿ, ಯಾರ ಜಾಗ ಎಂದು ಹೇಳಿ: ನಾವು ಶಾಲೆಯಲ್ಲಿ ಓದಿದ ಹ್ಯೂಯೆನ್ ತ್ಸಾಂಗನದು. ಇಮ್ಮಡಿ ಪುಲಿಕೇಶಿಯ ನಾಡಿಗೆ ಬಂದು, ಹರ್ಷನಿಗೂ ಮಣಿಯದ ರಾಜ ಎಂದು ಬರೆದಿಟ್ಟವನು. 645ರಲ್ಲಿ 657 ಗ್ರಂಥಗಳನ್ನು ಹೊತ್ತುಕೊಂಡು ಇದೇ ಊರಿಗೆ ಮರಳಿದ. ಅವನ್ನು ಕಾಪಾಡಲು 652ರಲ್ಲಿ ಆ ಪಗೋಡ ಎದ್ದಿತು.

ಏಪ್ರಿಲ್ ನಡುವಿನ ದಿನ ಆರಿಸಿಕೊಂಡದ್ದು ಒಳ್ಳೆಯದಾಯಿತು. ತಿಂಗಳ ಮೊದಲ ವಾರ ಅವರು ಹಿರಿಯರ ಸಮಾಧಿ ಪೂಜೆಯ ರಜೆಯಲ್ಲಿರುತ್ತಾರೆ, ಮೇ ಒಂದರಿಂದ ಮತ್ತೆ ರಜೆ. ಎರಡರಲ್ಲೂ ಕಾಲಿಡಲು ಜಾಗ ಇರುವುದಿಲ್ಲ.

ಬಿದ್ರಿ ಕೈ, ಬೀದರ್

ಭೀಮಾತೀರ ಸಾಹೇಬರೇ, ನಿಮ್ಮ ತಾಯಿಯ ಪ್ರಶ್ನೆ ಓದಿ ನಾನು ಉತ್ತರ ಬರೆಯದೆ ಇರಲಾರೆ. ನಮ್ಮದು ಬಿದ್ರಿ ಕೆಲಸದ ಮನೆ. ಹೋದ ನವೆಂಬರ್‌ನಲ್ಲಿ ನಮ್ಮ ಅಬ್ಬಾ ಅವರನ್ನು ಕರೆದುಕೊಂಡು ಹೋಗಿದ್ದೆ. ಅವರಿಗೆ 72.

ನಿಮ್ಮ ತಾಯಿಗೆ ಹೋಗುವ ಮೊದಲೇ ಇದನ್ನು ಹೇಳಿ. ಆ ಸೈನಿಕರು ತಿಗರಿಯ ಮೇಲೆ ಆದವರಲ್ಲ. ಕಾಲು ಗಟ್ಟಿ ಮಣ್ಣು, ಒಳಗೆ ಟೊಳ್ಳಿಲ್ಲ. ಭಾರ ಎಲ್ಲ ಅದರ ಮೇಲೆ ನಿಲ್ಲುತ್ತದೆ. ಅದಕ್ಕೇ ಕುಸಿಯಲಿಲ್ಲ. ಮುಂಡ ಮಾತ್ರ ಟೊಳ್ಳು. ಮಣ್ಣಿನ ಹುರಿ ಹೊಸೆದು ಸುತ್ತುತ್ತ ಸುತ್ತುತ್ತ ಮೇಲೆ ಏರಿಸಿದ್ದಾರೆ. ತಲೆ ಬೇರೆ ಮಾಡಿದ್ದು, ಕೈಬೆರಳೂ ಬೇರೆ. ಮುಖಕ್ಕೆ ಅಚ್ಚು ಬಳಸಿದರೂ ಆಮೇಲೆ ಮೀಸೆ, ಕಿವಿ, ಹುಬ್ಬು ಕೈಯಿಂದ ತಿದ್ದಿದ್ದಾರೆ. ಒಬ್ಬರ ಹಾಗೆ ಇನ್ನೊಬ್ಬರಿಲ್ಲದಂತೆ ಕಾಣುವುದು ಅದಕ್ಕೆ. ಸುಟ್ಟ ಮೇಲೆ ಅರಗಿನಂಥ ಮರದ ಅಂಟು ಬಳಿದು, ಅದರ ಮೇಲೆ ಕೆಂಪು, ಹಸಿರು, ನೀಲಿ ಬಣ್ಣ ಹಚ್ಚಿದ್ದರು. ಮಣ್ಣಿನಿಂದ ಹೊರಗೆ ತೆಗೆದಾಗ ಗಾಳಿ ತಾಗಿ ಆ ಅಂಟು ಸುರುಳಿ ಸುತ್ತಿ ಉದುರಿತು, ಬಣ್ಣವೂ ಅದರೊಟ್ಟಿಗೆ ಹೋಯಿತು.

ಇನ್ನೊಂದು ಸಂಗತಿ ನಿಮ್ಮ ತಾಯಿಗೆ ಖಂಡಿತ ಹೇಳಬೇಕು. ಎಷ್ಟೋ ಗೊಂಬೆಗಳ ಮೈಮೇಲೆ ಮಾಡಿದ ಕುಂಬಾರನ ಹೆಸರು ಕೊರೆದಿದೆ. ಕೆಲಸ ಕೆಟ್ಟರೆ ಯಾರದು ಎಂದು ರಾಜನ ಮಂದಿಗೆ ಗೊತ್ತಾಗಲಿ ಎಂದು ಹಾಕಿಸಿದ್ದು. ಅಬ್ಬಾ ಇದನ್ನು ಕೇಳಿ ತುಂಬ ಹೊತ್ತು ಸುಮ್ಮನಿದ್ದರು. ಐವತ್ತು ವರ್ಷ ಅವರು ಮಾಡಿದ ಹೂಜಿ, ಹುಕ್ಕಾ, ತಟ್ಟೆ ಎಲ್ಲೆಲ್ಲೋ ಹೋಗಿವೆ, ಒಂದರ ಮೇಲೂ ಅವರ ಹೆಸರಿಲ್ಲ. ಊರಿಗೆ ಬಂದ ಮೇಲೆ ನಾನು ಅವರ ಕೈಯಿಂದಾದ ಪ್ರತಿ ಸಾಮಾನಿನ ತಳಕ್ಕೆ ಅವರ ಹೆಸರು ಕೊರೆಯುತ್ತಿದ್ದೇನೆ.

ಅಬ್ಬಾ ಅಲ್ಲಿ ಬಹಳ ನೋಡಿದ್ದು ಕಂಚಿನ ರಥಗಳನ್ನು. 1980ರಲ್ಲಿ ಸಿಕ್ಕ ಎರಡು ರಥ, ನಿಜದ ಅರ್ಧ ಅಳತೆ. ಮೂರು ಸಾವಿರಕ್ಕೂ ಹೆಚ್ಚು ತುಂಡು ಕೂಡಿಸಿ ಒಂದು ರಥ. ಕುದುರೆಯ ಲಗಾಮು, ಹಣೆಪಟ್ಟಿಯಲ್ಲಿ ಚಿನ್ನ ಬೆಳ್ಳಿ. ನಾವು ಬಿದ್ರಿಯಲ್ಲಿ ಗೆರೆ ಕೊರೆದು ಬೆಳ್ಳಿ ತಂತಿ ಬಡಿದು ಕೂರಿಸುತ್ತೇವೆ, ಆಮೇಲೆ ಕೋಟೆಯ ಮಣ್ಣು ಹಾಕಿ ಕಪ್ಪು ಬರಿಸುತ್ತೇವೆ. ಅಬ್ಬಾ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ಕೊಂಡಿಗಳನ್ನು ಒಂದೊಂದೇ ಎಣಿಸಿದರು. ಕೈಯಲ್ಲಿ ಕನ್ನಡಕ, ಹಣೆ ಗಾಜಿನ ಮೇಲೆ. ಎರಡು ಸಾವಿರ ವರ್ಷದ ಹಿಂದಿನ ಬೆಸುಗೆ ನೋಡಿ, "ಇವರು ಅವಸರ ಮಾಡಿಲ್ಲ" ಎಂದರು. ಒಳ್ಳೆಯ ಕೆಲಸಕ್ಕೆ ಅವರು ಹೇಳುವುದು ಅದೊಂದೇ ಮಾತು. ರಥಗಳು ಈಗ ಸೈನ್ಯ ಇರುವ ಜಾಗದಲ್ಲಿಲ್ಲ. ಚಕ್ರವರ್ತಿಯ ಸಮಾಧಿ ಗುಡ್ಡದ ಹತ್ತಿರ ಬೇರೆ ಮ್ಯೂಸಿಯಂ ಕಟ್ಟಿದ್ದಾರೆ. ಟಿಕೆಟ್ ಒಂದೇ, ನಡುವೆ ಬಸ್ಸು ಇದೆ.

ಸಂಜೆಗೆ ನಾವು ಮುಸ್ಲಿಂ ಗಲ್ಲಿಯಲ್ಲಿರುತ್ತಿದ್ದೆವು, ಡೋಲು ಗೋಪುರದ ಹಿಂದೆ. ಅಲ್ಲಿಯ ದೊಡ್ಡ ಮಸೀದಿಗೆ ಗುಮ್ಮಟವೇ ಇಲ್ಲ. ಗುಡಿಯ ಹಾಗೆ ಅಂಚು ಮೇಲೆದ್ದ ಹಂಚಿನ ಮಾಡು, ಒಂದಾದ ಮೇಲೊಂದು ಅಂಗಳ, ಕಲ್ಲುಬೆಂಚು, ಮರ. ನಮ್ಮ ಗುಲ್ಬರ್ಗಾ ಜಾಮಿ ಮಸೀದಿಯಲ್ಲಿ ಅಂಗಳವೇ ಇಲ್ಲ, ಎಲ್ಲ ಗುಮ್ಮಟದ ಕೆಳಗೆ. ಇಲ್ಲಿ ಎಲ್ಲ ಅಂಗಳವೇ. ಅಬ್ಬಾ ಅಲ್ಲಿ ಅಸರ್ ನಮಾಜ್ ಮಾಡಿದರು. ಒಳಗೆ ಮರದ ಹಲಗೆಗಳ ಮೇಲೆ ಕುರಾನ್ ಕೆತ್ತಿದ್ದಾರೆ. ನಮಾಜಿನ ಹಜಾರದೊಳಗೆ ಮುಸ್ಲಿಮರಿಗೆ ಮಾತ್ರ ಬಿಡುತ್ತಾರೆ, ಅಂಗಳಕ್ಕೆ ಎಲ್ಲರೂ ಹೋಗಬಹುದು. ನಿಮ್ಮ ತಾಯಿಯನ್ನು ಕರೆದುಕೊಂಡು ಹೋಗಿ ಮರದ ಕೆಳಗೆ ಕೂರಿಸಿ, ಹೊರಗಿನ ಗದ್ದಲ ಒಳಗೆ ಕೇಳುವುದಿಲ್ಲ.

ಆ ಗಲ್ಲಿಯಲ್ಲಿ ಊಟ ಮಾತ್ರ ನಿಮಗೆ ಆಗದು, ಎಲ್ಲದರಲ್ಲೂ ಕುರಿಮಾಂಸದ ಸಾರು. ನಮಗೆ ಅದು ಹಬ್ಬವಾಯಿತು. ಒಂದು ತಿನಿಸಿನಲ್ಲಿ ಗಟ್ಟಿ ರೊಟ್ಟಿ ಕೊಟ್ಟು, ಖಾಲಿ ಬಟ್ಟಲು ಮುಂದಿಡುತ್ತಾರೆ. ನಾವೇ ಕೂತು ಕಾಳಿನಷ್ಟು ಸಣ್ಣಗೆ ಹರಿದು ತುಂಬಿಸಬೇಕು. ಆಮೇಲೆ ಬಟ್ಟಲು ಒಯ್ದು ಸಾರಿನಲ್ಲಿ ಬೇಯಿಸಿ ತರುತ್ತಾರೆ. ನನ್ನ ತುಂಡು ದೊಡ್ಡದಾದವು, ಪಕ್ಕದ ಮೇಜಿನ ಅಜ್ಜ ತಲೆ ಅಲ್ಲಾಡಿಸಿ ತನ್ನ ಬಟ್ಟಲು ತೋರಿಸಿದ. ಅಬ್ಬಾ ಮಾತ್ರ ಮೊದಲ ಸಲಕ್ಕೇ ಸರಿಯಾಗಿ ಹರಿದರು. ಖಟಕ್ ರೊಟ್ಟಿ ಮುರಿದು ಬ್ಯಾಳಿಯಲ್ಲಿ ನೆನೆಸಿ ತಿಂದ ಕೈ ಅದು.

ಸ್ಟೇಷನ್ ಬಜಾರ್, ಕಲಬುರಗಿ

ಮೇಲಿನ ಇಬ್ಬರೂ ಮುಖ್ಯವಾದದ್ದು ಹೇಳಿದ್ದಾರೆ. ನಾನು ಊಟ, ದುಡ್ಡಿನ ಮಾತು ಸೇರಿಸುತ್ತೇನೆ. ಕೆಲಸದ ಮೇಲೆ ಎರಡು ಸಲ ಹೋಗಿ ಬಂದಿದ್ದೇನೆ.

ಅವ್ವನಿಗೆ "ಲಿಯಾಂಗ್‌ಪಿ" ಕೇಳಿ. ಗೋಧಿಯ ಹಾಲು ಹಬೆಯಲ್ಲಿ ಬೇಯಿಸಿ ಪಟ್ಟಿಪಟ್ಟಿಯಾಗಿ ಕೊಯ್ದು, ಸೌತೆಕಾಯಿ, ವಿನೆಗರ್, ಖಾರದೆಣ್ಣೆ ಹಾಕಿ ಕೊಡುತ್ತಾರೆ. ಮಾಂಸ ಇರುವುದಿಲ್ಲ. ಅಗಲ ಪಟ್ಟಿಯ ಗೋಧಿ ನೂಡಲ್ಸ್ ಮೇಲೆ ಒಣ ಖಾರದಪುಡಿ ಇಟ್ಟು ಕಾದ ಎಣ್ಣೆ ಸುರಿಯುವ "ಯೊವ್‌ಪೊ ಮಿಯೆನ್" ಇದೆ, ನಮ್ಮ ಒಗ್ಗರಣೆಯ ಚುಂಯ್ ಸದ್ದೇ ಬರುತ್ತದೆ. "ವೊ ಚ್ರ್ ಸು" ಅಂದರೆ ನಾನು ಸಸ್ಯಾಹಾರಿ. ಅದಕ್ಕಿಂತ, ಮಾಂಸ ಬೇಡ, ಮೊಟ್ಟೆ ಬೇಡ, ಮಾಂಸದ ಸಾರೂ ಬೇಡ ಎಂದು ಹೋಟೆಲಿನವರ ಕಡೆಯಿಂದ ಚೀನಿಯಲ್ಲಿ ಬರೆಸಿ ಜೇಬಿನಲ್ಲಿಟ್ಟುಕೊಳ್ಳಿ. ಮೂರನೆಯದು ಮರೆಯಬೇಡಿ. ಖಟಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯಿರಿ. ತುಪ್ಪ, ಹಸಿ ಹಣ್ಣು ಬೇಡ, ಹಾಲಿನ ಪದಾರ್ಥ ಮತ್ತು ಹಣ್ಣು ಅಲ್ಲಿ ಒಳಗೆ ಬಿಡುವುದಿಲ್ಲ. ಮಣ್ಣನ್ನೂ ಬಿಡುವುದಿಲ್ಲ, ಕುಂಬಾರರ ಮನೆ ಅಂದಿರಿ, ಅದಕ್ಕೆ ಹೇಳಿದೆ.

ಫೋನಿನಲ್ಲೇ ದುಡ್ಡು ಕೊಡುವ ಅಲಿಪೇ ಆ್ಯಪ್ ಇಲ್ಲಿಂದಲೇ ಹಾಕಿಕೊಂಡು ಕಾರ್ಡ್ ಜೋಡಿಸಿ. ವಾಟ್ಸಾಪ್, ಗೂಗಲ್ ಅಲ್ಲಿಯ ವೈಫೈನಲ್ಲಿ ನಡೆಯುವುದಿಲ್ಲ, ನಮ್ಮ ಸಿಮ್‌ಗೆ ಇಂಟರ್‌ನ್ಯಾಷನಲ್ ರೋಮಿಂಗ್ ಹಾಕಿಸಿದರೆ ನಡೆಯುತ್ತದೆ. ಎಲ್ಲಾ ಟಿಕೆಟ್ಟಿಗೂ ಪಾಸ್‌ಪೋರ್ಟ್ ಬೇಕು, ಮೂವರದೂ ಒಂದೇ ಚೀಲದಲ್ಲಿರಲಿ. ಕುಡಿಯುವ ಬಿಸಿನೀರು ಸ್ಟೇಷನ್ನಲ್ಲಿ, ರೈಲಿನಲ್ಲಿ ಪುಕ್ಕಟೆ, ಒಂದು ಥರ್ಮಾಸ್ ಇದ್ದರೆ ಅವ್ವನ ಚಹಾದ ಚಿಂತೆ ಇಲ್ಲ. ಶೌಚಾಲಯ ಬಹಳ ಕಡೆ ಕುಕ್ಕರಗಾಲಲ್ಲಿ ಕೂರುವಂಥದು. ಮೊಣಕಾಲು ನೋವಿನವರಿಗೆ ಕಷ್ಟ, ಅಂಗವಿಕಲರ ಗುರುತಿರುವ ಬಾಗಿಲು ಹುಡುಕಿ.

ಭೀಮಾತೀರ, ಯಾದಗಿರಿ

ಮೂವರಿಗೂ ಕೈ ಮುಗಿತೀನಿ. ನಿನ್ನೆ ರಾತ್ರಿ ಊಟ ಆದ ಮ್ಯಾಲ ಎಲ್ಲಾ ಅವ್ವಗ ಓದಿ ಹೇಳಿದೆ. ಕಾಲು ಗಟ್ಟಿ, ಮುಂಡ ಟೊಳ್ಳು ಅಂತ ಕೇಳಿದ ಕೂಡ್ಲೆ, "ಹಂಗಾದ್ರ ಸರಿ ಅದ. ಆದ್ರ ಗಟ್ಟಿ ಮಣ್ಣು ಒಳಗಿನ ತ್ಯಾವ ಬಿಡಬೇಕಾದ್ರ ಭಾಳ ದಿನ ನೆಳ್ಳಾಗ ಒಣಗಿಸಿರಬೇಕು, ಬಿಸಿಲಿಗಿಟ್ರ ಸೀಳ್ತಾವ" ಅಂದ್ಲು. ಕುಂಬಾರನ ಹೆಸರು ಕೊರೆದದ್ದು ಹೇಳಿದಾಗ, ಓದೋದು ನಿಲ್ಲಿಸು ಅಂತ ಕೈ ಮಾಡಿದ್ಲು. ಹಿತ್ತಲಕ್ಕ ಹೋಗಿ ಅಪ್ಪನ ತಿಗರಿ ಮ್ಯಾಲಿನ ಗೋಣಿಚೀಲ ತಗದು, ತಟ್ಟೋ ಹಲಗಿ ತೊಳದು ಒಳಗ ತಂದಿಟ್ಟಾಳ.

ಏಜೆಂಟ್‌ನ ಚೀಟಿ ಬಿಟ್ಟೀನ್ರಿ. ಮೊದಲ ದಿನ ಏನೂ ಇಲ್ಲ, ವಿಶ್ರಾಂತಿ, ಸಂಜಿಗೆ ಮಸೀದಿ ಅಂಗಳ. ಎರಡನೇ ದಿನ ಮಣ್ಣಿನ ಸೈನ್ಯ. ಮೂರನೇ ದಿನ ಪಗೋಡದ ಅಂಗಳ ಇಲ್ಲಾ ಕೋಟಿ ಗ್ವಾಡಿ. ನಾಲ್ಕನೇ ದಿನ ಅವ್ವ ಮತ್ತ ಸೈನಿಕರನ್ನೇ ನೋಡ್ತೀನಿ ಅಂದ್ರ ಮತ್ತ ಅಲ್ಲಿಗೇ.

ಅವ್ವ ಒಂದೇ ಮಾತು ಕೇಳ್ಯಾಳ. ಬಿದ್ರಿ ಅಣ್ಣಾವ್ರ, ಸೈನಿಕರು ನಿಂತಿರೋ ಗುಂಡಿ ದೂರ ಇರ್ತದ, ಮ್ಯಾಲಿಂದ ನೋಡಬೇಕಂತ. ಮಣ್ಣು ಹತ್ರದಿಂದ ಕಾಣೋ ಜಾಗ ಎಲ್ಲಿ ಅದ?

ಬಿದ್ರಿ ಕೈ, ಬೀದರ್

ಎರಡನೇ ಗುಂಡಿಯ ಕಟ್ಟಡಕ್ಕೆ ಹೋಗಿ. ಅಲ್ಲಿ ಕೆಲವು ಮೂರ್ತಿಗಳನ್ನು ಒಂದೊಂದೇ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ಸುತ್ತಲೂ ತಿರುಗಿ ನೋಡಬಹುದು. ಅದರಲ್ಲಿ ಮೊಣಕಾಲೂರಿ ಕೂತ ಬಿಲ್ಲುಗಾರ ಒಬ್ಬ ಇದ್ದಾನೆ. ಎಲ್ಲರೂ ಅವನ ಮುಖದ ಮುಂದೆ ಗುಂಪು ಕಟ್ಟುತ್ತಾರೆ. ನೀವು ತಾಯಿಯನ್ನು ಅವನ ಬೆನ್ನ ಹಿಂದಕ್ಕೆ ಕರೆದುಕೊಂಡು ಹೋಗಿ. ಬಲಗಾಲಿನ ಜೋಡಿನ ಅಟ್ಟೆ ಮೇಲ್ಮುಖವಾಗಿ ಕಾಣುತ್ತದೆ. ಅದರ ಮೇಲೆ ದಾರದ ಹೊಲಿಗೆಯನ್ನು ಹಸಿ ಮಣ್ಣಿನಲ್ಲಿ ಚುಕ್ಕಿ ಚುಕ್ಕಿಯಾಗಿ ಮೂಡಿಸಿದ್ದಾರೆ, ಹಿಮ್ಮಡಿ ಹತ್ತಿರ ಒತ್ತಾಗಿ, ನಡುವೆ ವಿರಳವಾಗಿ, ಬೆರಳಿನ ಕಡೆ ಮತ್ತೆ ಒತ್ತಾಗಿ.